ಶ್ರೆಕ್ ಯಾವ ಊರಿನವನು?

2025ರ ಮೇ 4ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮದೇ ಜಾಲತಾಣದಲ್ಲಿ ಒಂದು ಘೋಷಣೆ ಮಾಡಿದರು. ಹೊರದೇಶಗಳಲ್ಲಿ ತಯಾರಾಗಿ ಅಮೆರಿಕಕ್ಕೆ ಬರುವ ಎಲ್ಲ ಸಿನಿಮಾಗಳ ಮೇಲೆ ಶೇ 100ರಷ್ಟು ಸುಂಕ ಹಾಕುತ್ತೇವೆ ಎಂದರು. ಸೆಪ್ಟೆಂಬರ್ ಕೊನೆಯಲ್ಲಿ ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಸುಂಕ ಟಿಕೆಟ್ ಮೇಲೋ, ಬಜೆಟ್ ಮೇಲೋ, ಹಕ್ಕು ಮಾರಾಟದ ಮೇಲೋ ಎಂಬುದು ಎರಡು ಸಲವೂ ಸ್ಪಷ್ಟವಾಗಲಿಲ್ಲ. ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ನಟರಿರುವ ಸಿನಿಮಾ ಆದರೆ ಶೂಟಿಂಗ್ ಎಲ್ಲಿ ನಡೆಯಿತು ಎಂದು ಕೇಳಬಹುದು. ಅನಿಮೇಷನ್ ಚಿತ್ರಕ್ಕೆ ಶೂಟಿಂಗೇ ಇರುವುದಿಲ್ಲ. ಅದು 'ತಯಾರಾದ' ಜಾಗ ಯಾವುದು?

ಅದೇ ವರ್ಷ ಇನ್ನೂ ಮೂರು ಸುದ್ದಿ ಬಂದವು. ಫೆಬ್ರುವರಿಯಲ್ಲಿ, ಸಿನಿಮಾಗಳಿಗೆ ಅನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಎಂಬ ಹಳೆಯ ಕಂಪನಿ ಕುಸಿದುಬಿತ್ತು. ಬೆಂಗಳೂರು ಮತ್ತು ಮುಂಬೈಯಲ್ಲಿ ಸುಮಾರು 3,000 ಜನರ ಕೆಲಸಕ್ಕೆ ಕುತ್ತು ಬಂತು. ಮಾರ್ಚ್‌ನಲ್ಲಿ ಬ್ರಿಟನ್ನಿನ ಜೆಲ್ಲಿಫಿಶ್ ಪಿಕ್ಚರ್ಸ್ ಬಾಗಿಲು ಹಾಕಿತು. ಆ ಕಂಪನಿ ಅನಿಮೇಷನ್ ಮಾಡಿಕೊಟ್ಟಿದ್ದ 'ಡಾಗ್ ಮ್ಯಾನ್' ಅದಕ್ಕೆ ಕೆಲವೇ ವಾರ ಮೊದಲು ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ಸ್ಥಾನದಲ್ಲಿತ್ತು. ಜುಲೈಯಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ತನ್ನ ಸಿನಿಮಾ ತೆರಿಗೆ ರಿಯಾಯಿತಿಯನ್ನು ವರ್ಷಕ್ಕೆ 33 ಕೋಟಿ ಡಾಲರಿನಿಂದ 75 ಕೋಟಿಗೆ ಏರಿಸಿ, ಮೊದಲ ಬಾರಿಗೆ ಅನಿಮೇಷನ್ನನ್ನೂ ಅದರೊಳಗೆ ಸೇರಿಸಿತು.

ಚಿತ್ರ ಗೆಲ್ಲುತ್ತದೆ, ಚಿತ್ರ ಬಿಡಿಸಿದವರು ಮುಳುಗುತ್ತಾರೆ. ಸರ್ಕಾರ ಒಂದು ಕೈಯಲ್ಲಿ ಸುಂಕದ ಕೋಲು ಹಿಡಿದಿದೆ, ಇನ್ನೊಂದು ಕೈಯಲ್ಲಿ ರಿಯಾಯಿತಿಯ ಬೆಲ್ಲ. ಇವೆಲ್ಲ ಒಂದೇ ಗಂಟಿನ ಬೇರೆಬೇರೆ ಎಳೆಗಳು. ಆ ಗಂಟನ್ನು ಬಿಡಿಸಲು ಒಂದು ಸ್ಟುಡಿಯೊದ ಹೆಜ್ಜೆ ಹಿಡಿದು ಹೋಗುವುದು ಸುಲಭ. 'ಡಾಗ್ ಮ್ಯಾನ್' ಚಿತ್ರವೂ ಅದರದೇ, ಬೆಂಗಳೂರಿಗೂ ಅದಕ್ಕೂ ನಂಟಿದೆ. ಆ ಸ್ಟುಡಿಯೊ ಡ್ರೀಮ್‌ವರ್ಕ್ಸ್ ಅನಿಮೇಷನ್.

ಮುನಿಸಿನಿಂದ ಹುಟ್ಟಿದ ಸ್ಟುಡಿಯೊ

1994ರ ಏಪ್ರಿಲ್‌ನಲ್ಲಿ ಡಿಸ್ನಿ ಕಂಪನಿಯ ಅಧ್ಯಕ್ಷ ಫ್ರಾಂಕ್ ವೆಲ್ಸ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಆ ಕುರ್ಚಿ ತನಗೇ ಎಂದು ಡಿಸ್ನಿ ಸ್ಟುಡಿಯೊ ಮುಖ್ಯಸ್ಥ ಜೆಫ್ರಿ ಕಾಟ್ಜನ್‌ಬರ್ಗ್ ನಂಬಿದ್ದರು. ಡಿಸ್ನಿಯಲ್ಲಿ ಕೊನೆಯ ಮಾತು ನಡೆಯುತ್ತಿದ್ದುದು ಕಂಪನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರದು, ಅವರು ಕೊಡಲಿಲ್ಲ. ಕಾಟ್ಜನ್‌ಬರ್ಗ್ ಹೊರನಡೆದರು. ಅದೇ ಅಕ್ಟೋಬರ್‌ನಲ್ಲಿ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್, ಸಂಗೀತೋದ್ಯಮಿ ಡೇವಿಡ್ ಗೆಫನ್ ಜೊತೆ ಸೇರಿ ಡ್ರೀಮ್‌ವರ್ಕ್ಸ್ ಕಟ್ಟಿದರು. ಮೈಕ್ರೊಸಾಫ್ಟ್ ಸಹಸಂಸ್ಥಾಪಕ ಪಾಲ್ ಅಲೆನ್ 50 ಕೋಟಿ ಡಾಲರ್ ಹಾಕಿದರು.

ಹೊಸ ಸ್ಟುಡಿಯೊಗೆ ಎರಡು ಕಾಲು. ಒಂದು, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಪೆನ್ಸಿಲ್ ಹಿಡಿದು ಕೈಯಲ್ಲಿ ಬಿಡಿಸುವ ತಂಡ. ಇನ್ನೊಂದು, ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1980ರಿಂದ ಕಂಪ್ಯೂಟರ್ ಗ್ರಾಫಿಕ್ಸ್ ಮಾಡಿಕೊಂಡಿದ್ದ ಪೆಸಿಫಿಕ್ ಡೇಟಾ ಇಮೇಜಸ್. ಇದರಲ್ಲಿ ಡ್ರೀಮ್‌ವರ್ಕ್ಸ್ ಮೊದಲು ಪಾಲು ಖರೀದಿಸಿ ಕೊನೆಗೆ ಇಡಿಯಾಗಿ ನುಂಗಿತು. 1998ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ತಂಡದ ಇರುವೆಗಳ ಕಥೆ 'ಆಂಟ್ಜ್', ಡಿಸೆಂಬರ್‌ನಲ್ಲಿ ಪೆನ್ಸಿಲ್ ತಂಡದ 'ದ ಪ್ರಿನ್ಸ್ ಆಫ್ ಈಜಿಪ್ಟ್' ಬಂದವು. ಪಿಕ್ಸಾರ್ ಸ್ಟುಡಿಯೊದ ಇರುವೆ ಚಿತ್ರ ತೆರೆಕಂಡದ್ದು ಇವೆರಡರ ನಡುವೆ, ನವೆಂಬರ್‌ನಲ್ಲಿ. ಒಂದೇ ಋತುವಿನಲ್ಲಿ ಎರಡು ಇರುವೆ ಚಿತ್ರ ಬಂದದ್ದು ಕಾಕತಾಳೀಯ ಎಂದು ಹಾಲಿವುಡ್‌ನಲ್ಲಿ ಅಂದೂ ಬಹಳ ಜನ ನಂಬಲಿಲ್ಲ.

ಗ್ಲೆಂಡೇಲ್ ಕ್ಯಾಂಪಸ್ ಬಗ್ಗೆ ಒಂದು ಮಾತು. ಆಲಿವ್ ಮರಗಳು, ನೀರಿನ ಹರಿವು, ಮೆಡಿಟರೇನಿಯನ್ ಶೈಲಿಯ ಕಟ್ಟಡಗಳು, ಸಿಬ್ಬಂದಿಗೆ ಪುಕ್ಕಟೆ ಊಟ. ಕಲಾವಿದರನ್ನು ಒಂದೇ ಆವರಣದೊಳಗೆ ವರ್ಷಗಟ್ಟಲೆ ಇಟ್ಟುಕೊಂಡರೆ ಒಳ್ಳೆಯ ಚಿತ್ರ ಬರುತ್ತದೆ ಎಂಬ ನಂಬಿಕೆ ಆ ಊಟದ ಹಿಂದಿತ್ತು. ಮುಂದೆ ಸಡಿಲವಾಗುತ್ತ ಹೋದದ್ದು ಇದೇ ನಂಬಿಕೆ.

ಪೆನ್ಸಿಲ್ ಕೆಳಗಿಟ್ಟ ವರ್ಷ

2001ರಲ್ಲಿ 'ಶ್ರೆಕ್' ಬಂತು. ಜೌಗು ನೆಲದ ಹಸಿರು ಮೈಯ ಒರಟ, ಜೊತೆಗೊಂದು ವಾಚಾಳಿ ಕತ್ತೆ. ಡಿಸ್ನಿಯ ರಾಜಕುಮಾರಿ ಕಥೆಗಳನ್ನು ಸಾಲಾಗಿ ಗೇಲಿ ಮಾಡಿದ ಈ ಚಿತ್ರ ಜಗತ್ತಿನಾದ್ಯಂತ 48 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆಂದು ಆ ವರ್ಷವೇ ಶುರುವಾದ ಆಸ್ಕರ್‌ನ ಮೊದಲ ವಿಜೇತನೂ ಇದೇ. ಕಾಟ್ಜನ್‌ಬರ್ಗ್ ಮುನಿಸು ಬಡ್ಡಿ ಸಮೇತ ತೀರಿತು ಎನ್ನಬಹುದು.

'ಶ್ರೆಕ್' ತಯಾರಾದದ್ದು ಉತ್ತರದ ಕಂಪ್ಯೂಟರ್ ತಂಡದಲ್ಲಿ. ಗ್ಲೆಂಡೇಲ್‌ನ ಪೆನ್ಸಿಲ್ ತಂಡ 2003ರಲ್ಲಿ 'ಸಿನ್‌ಬ್ಯಾಡ್' ಮಾಡಿತು, ಸ್ಟುಡಿಯೊಗೆ ಸುಮಾರು 12.5 ಕೋಟಿ ಡಾಲರ್ ನಷ್ಟವಾಯಿತು. ಡ್ರೀಮ್‌ವರ್ಕ್ಸ್ ಅಲ್ಲಿಗೆ ಕೈಯಲ್ಲಿ ಬಿಡಿಸುವ ಅನಿಮೇಷನ್ ನಿಲ್ಲಿಸಿತು.

ಇದು ತಂತ್ರಜ್ಞಾನ ಬದಲಾದ ಕಥೆಯಂತೆ ಕಾಣುತ್ತದೆ. ಆದರೆ ಇಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಕಾಗದದ ಮೇಲೆ ಬಿಡಿಸಿದ ಸಾವಿರಾರು ಹಾಳೆಗಳನ್ನು ದೇಶದಿಂದ ದೇಶಕ್ಕೆ ಪೆಟ್ಟಿಗೆಯಲ್ಲಿ ಸಾಗಿಸಬೇಕಿತ್ತು. ಅಮೆರಿಕದ ಟಿವಿ ಕಾರ್ಟೂನ್ ಕಂಪನಿಗಳು ಎಪ್ಪತ್ತರ ದಶಕದಲ್ಲೇ ತೈವಾನ್, ಕೊರಿಯಾಗಳಿಗೆ ಹಾಗೆ ಕಳಿಸುತ್ತಿದ್ದವು. 'ಓಡಿಹೋಗುವ ಕೆಲಸ' ಎಂದು ಕರೆದು ಅದರ ವಿರುದ್ಧ ಹಾಲಿವುಡ್ ಅನಿಮೇಷನ್ ಕಾರ್ಮಿಕರ ಸಂಘ 1979ರಲ್ಲಿ ಮುಷ್ಕರ ಹೂಡಿ ಗೆದ್ದಿತು, 1982ರಲ್ಲಿ ಮತ್ತೆ ಹೂಡಿ ಸೋತಿತು. ಆಗಲೂ ದೊಡ್ಡ ತೆರೆಯ ಚಿತ್ರಗಳ ಕೆಲಸ ಬಹುಪಾಲು ಅಮೆರಿಕದಲ್ಲೇ ಉಳಿದಿತ್ತು, ಏಕೆಂದರೆ ಗುಣಮಟ್ಟ ಕಾಯಲು ಕಲಾವಿದ ಪಕ್ಕದಲ್ಲೇ ಇರಬೇಕು ಎಂಬ ಭಾವನೆ ಇತ್ತು. ಕೆಲಸವೆಲ್ಲ ಕಂಪ್ಯೂಟರ್ ಕಡತವಾದ ಮೇಲೆ ಪಕ್ಕ ಎಂಬ ಮಾತಿನ ಅರ್ಥವೇ ಬದಲಾಯಿತು.

ವರ್ಷಕ್ಕೆ ಮೂರು ಚಿತ್ರ, ಬೆಂಗಳೂರಿಗೆ ಬಂದ ಬೆಕ್ಕು

2004ರ ಅಕ್ಟೋಬರ್‌ನಲ್ಲಿ ಅನಿಮೇಷನ್ ವಿಭಾಗ ಪ್ರತ್ಯೇಕ ಕಂಪನಿಯಾಗಿ ಷೇರುಪೇಟೆಗೆ ಬಂತು. ನಂತರದ ಎಲ್ಲ ಏರಿಳಿತಕ್ಕೂ ಇದೇ ಮೂಲ ಎಂದು ನನಗನ್ನಿಸುತ್ತದೆ. ಡಿಸ್ನಿಗೆ ಥೀಮ್ ಪಾರ್ಕ್ ಇದೆ, ಟಿವಿ ಇದೆ, ಒಂದು ಚಿತ್ರ ಸೋತರೆ ತಡೆದುಕೊಳ್ಳುತ್ತದೆ. ಬರೀ ಅನಿಮೇಷನ್ ಚಿತ್ರ ಮಾಡುವ ಕಂಪನಿಗೆ ಮೂರು ತಿಂಗಳಿಗೊಮ್ಮೆ ಹೂಡಿಕೆದಾರರ ಮುಂದೆ ಲೆಕ್ಕ ಒಪ್ಪಿಸುವ ಪರಿಸ್ಥಿತಿ. ಆದ್ದರಿಂದ ಹೆಚ್ಚು ಚಿತ್ರ, ಹೆಚ್ಚು ಮುಂದುವರಿದ ಭಾಗ. ಮಡಗಾಸ್ಕರ್‌ನ ಮೃಗಗಳು, ಕುಂಗ್ ಫು ಕಲಿಯುವ ಪಾಂಡಾ, ಡ್ರ್ಯಾಗನ್ ಸಾಕುವ ಹುಡುಗ ಎಲ್ಲ ಬಂದದ್ದು ಈ ಅವಧಿಯಲ್ಲಿ, 2005ರಿಂದ 2010ರೊಳಗೆ.

ವರ್ಷಕ್ಕೆ ಮೂರು ಚಿತ್ರ ಎಂಬ ಗುರಿಗೆ ಗ್ಲೆಂಡೇಲ್‌ನ ಜನ ಸಾಲಲಿಲ್ಲ. ಟೆಕ್ನಿಕಲರ್ ಕಂಪನಿ ಬೆಂಗಳೂರಿನಲ್ಲಿ ಡ್ರೀಮ್‌ವರ್ಕ್ಸ್‌ಗೆಂದೇ ಮೀಸಲಾದ ಒಂದು ಘಟಕ ಕಟ್ಟಿತು. ಮೊದಲು ಟಿವಿಯ ಹಬ್ಬದ ವಿಶೇಷಗಳು, ಆಮೇಲೆ 2011ರ 'ಪುಸ್ ಇನ್ ಬೂಟ್ಸ್'. ಶ್ರೆಕ್ ಕಥೆಯಿಂದ ಹೊರಬಿದ್ದ ಟೋಪಿ-ಬೂಟಿನ ಬೆಕ್ಕಿನ ಈ ಚಿತ್ರದ ಒಂದು ಪಾಲು ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಭಾರತದಲ್ಲಿ ಕೂಲಿ ಅಮೆರಿಕಕ್ಕಿಂತ ಶೇ 40ರಷ್ಟು ಕಡಿಮೆ ಎಂಬ ಮಾತೂ ಆಗ ಇತ್ತು. ಕಂಪನಿ ಮುಂದಿಟ್ಟ ಕಾರಣ ಮಾತ್ರ ಜನ ಸಾಲದು ಎಂಬುದು.

ಅಲ್ಲಿ ನಡೆಯುವ ಕೆಲಸ ಎಂಥದು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಲೈಟಿಂಗ್ ಕಲಾವಿದರ ಪರದೆಗೆ ನಾಲ್ಕು ಸೆಕೆಂಡಿನ ಒಂದು ಶಾಟ್ ಬರುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 96 ಚಿತ್ರ. ಬೆಕ್ಕಿನ ನಡೆ, ಕಣ್ಣು ಮಿಟುಕು, ಬಾಲದ ಕೊಂಕು ಆಗಲೇ ಮುಗಿದಿದೆ, ಆದರೆ ನೋಡಲು ಅದು ಬೂದು ಬಣ್ಣದ ಗೊಂಬೆ. ದೀಪ ಯಾವ ಕಡೆಯಿಂದ, ಟೋಪಿಯ ನೆರಳು ಹುಬ್ಬಿನ ಮೇಲೆ ಎಷ್ಟು, ಕೂದಲಿನ ಅಂಚು ಹಿನ್ನೆಲೆಯ ಕತ್ತಲಲ್ಲಿ ಕರಗದಂತೆ ಎಷ್ಟು ಬೆಳಕು ಎಂಬುದನ್ನೆಲ್ಲ ಕೂರಿಸಬೇಕು. ಕ್ಯಾಲಿಫೋರ್ನಿಯಾದ ಸಂಜೆ ಆರು ಗಂಟೆ ಎಂದರೆ ಬೇಸಿಗೆಯಲ್ಲಿ ಬೆಂಗಳೂರಿನ ಬೆಳಗಿನ ಆರೂವರೆ. ಅಲ್ಲಿಯವರು ನೋಡಿ ಬರೆದ ಟಿಪ್ಪಣಿ ಇಲ್ಲಿಯವರು ಕಂಪ್ಯೂಟರ್ ಹಚ್ಚುವ ಹೊತ್ತಿಗೆ ಕಾಯುತ್ತಿರುತ್ತದೆ. 'ಎಡಗಣ್ಣಿನ ಮಿಂಚು ಸ್ವಲ್ಪ ಮೇಲೆ' ಎಂಬಂಥ ಒಂದು ಸಾಲಿಗೆ ಇಡೀ ದಿನ ಹೋಗಬಹುದು. ಪ್ರೇಕ್ಷಕರಿಗೆ ಬೆಕ್ಕು ಮುದ್ದಾಗಿದೆ ಅನ್ನಿಸುವುದು ಆ ಮಿಂಚಿನಿಂದ.

ಆ ಮಿಂಚು ಅಮೆರಿಕದ್ದೋ ಕರ್ನಾಟಕದ್ದೋ? ಸುಂಕದ ಅಧಿಕಾರಿ ಕೇಳಬೇಕಾದ ಪ್ರಶ್ನೆ ಇದೇ. ಉತ್ತರ ಹೇಳುವ ರಶೀದಿ ಯಾವ ಕಚೇರಿಯಲ್ಲೂ ಇಲ್ಲ.

ಪಕ್ಕದ ಮನೆಯ ಲೆಕ್ಕ

ವರ್ಷಕ್ಕೆ ಮೂರು ಚಿತ್ರದ ಓಟ ಬಹಳ ದಿನ ನಡೆಯಲಿಲ್ಲ. 2012ರ 'ರೈಸ್ ಆಫ್ ದ ಗಾರ್ಡಿಯನ್ಸ್' ಸೋತು ಸುಮಾರು 8.7 ಕೋಟಿ ಡಾಲರ್ ನಷ್ಟ ಬರೆಯಬೇಕಾಯಿತು. ಮುಂದಿನ ಎರಡು ವರ್ಷ ಬಸವನಹುಳುವಿನ ಕಥೆಯೂ ಮಾತಾಡುವ ನಾಯಿಯ ಕಥೆಯೂ ನಷ್ಟವನ್ನೇ ತಂದವು. 2015ರ ಜನವರಿಯಲ್ಲಿ ಸುಮಾರು 500 ಜನ ಕೆಲಸ ಕಳೆದುಕೊಂಡರು. ಶ್ರೆಕ್ ಹುಟ್ಟಿದ ಉತ್ತರದ ಸ್ಟುಡಿಯೊವನ್ನೇ ಮುಚ್ಚಲಾಯಿತು. ಆಲಿವ್ ಮರಗಳ ಗ್ಲೆಂಡೇಲ್ ಕ್ಯಾಂಪಸ್ಸನ್ನು 18.5 ಕೋಟಿ ಡಾಲರ್‌ಗೆ ಮಾರಿ, ಅದೇ ಜಾಗಕ್ಕೆ ಬಾಡಿಗೆದಾರರಾಗಿ ಕೂತರು.

2016ರಲ್ಲಿ ಕಾಮ್‌ಕಾಸ್ಟ್ ಕಂಪನಿ 380 ಕೋಟಿ ಡಾಲರ್ ಕೊಟ್ಟು ಡ್ರೀಮ್‌ವರ್ಕ್ಸ್ ಕೊಂಡಿತು. ಯೂನಿವರ್ಸಲ್ ಸ್ಟುಡಿಯೊ ಇದೇ ಕಾಮ್‌ಕಾಸ್ಟ್‌ನದು. ಯೂನಿವರ್ಸಲ್‌ಗೆ ಆಗಲೇ ಒಂದು ಅನಿಮೇಷನ್ ಕೂಸಿತ್ತು: ಮಿನಿಯನ್‌ಗಳ ಇಲ್ಯುಮಿನೇಷನ್. ಅದರ ಲೆಕ್ಕಾಚಾರವೇ ಬೇರೆ. ಕಥೆ, ತೀರ್ಮಾನ ಕ್ಯಾಲಿಫೋರ್ನಿಯಾದಲ್ಲಿ, ಅನಿಮೇಷನ್ ಪ್ಯಾರಿಸ್ಸಿನಲ್ಲಿ. ಅದರ 2013ರ 'ಡೆಸ್ಪಿಕಬಲ್ ಮಿ 2' ಬಜೆಟ್ 7.6 ಕೋಟಿ ಡಾಲರ್, ಗಳಿಕೆ 97 ಕೋಟಿ. ಡ್ರೀಮ್‌ವರ್ಕ್ಸ್‌ನ 2016ರ 'ಕುಂಗ್ ಫು ಪಾಂಡಾ 3' ಬಜೆಟ್ 14.5 ಕೋಟಿ. ಒಂದೇ ಯಜಮಾನನ ಮನೆಯಲ್ಲಿ ಇಬ್ಬರು ಬಾಣಸಿಗರು, ಒಬ್ಬರ ಖರ್ಚು ಇನ್ನೊಬ್ಬರ ಎರಡರಷ್ಟು. ಯಜಮಾನ ಏನು ಕೇಳುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

ಉತ್ತರದ ಸುಳಿವು ಬೇಗನೇ ಸಿಕ್ಕಿತು. 2017ರ 'ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್' ಚಿತ್ರವನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ, ಟೆಕ್ನಿಕಲರ್‌ನದೇ ಮಿಕ್ರೋಸ್ ಸ್ಟುಡಿಯೊದಲ್ಲಿ ಮಾಡಿಸಿದರು. ಬಜೆಟ್ ಬರೀ 3.8 ಕೋಟಿ ಡಾಲರ್.

ಕೊನೆಯ ಮನೆಯಡುಗೆ

2023ರ ಅಕ್ಟೋಬರ್‌ನಲ್ಲಿ ಡ್ರೀಮ್‌ವರ್ಕ್ಸ್ ತೀರ್ಮಾನ ಹೊರಬಿತ್ತು. ಇನ್ನು ಮುಂದೆ ಪೂರ್ತಿ ಚಿತ್ರವನ್ನು ಗ್ಲೆಂಡೇಲ್‌ನಲ್ಲೇ ಮಾಡುವ ಪದ್ಧತಿ ಬಿಟ್ಟು, ಹೊರಗಿನ ಸ್ಟುಡಿಯೊಗಳ ಜೊತೆ ಹಂಚಿಕೊಳ್ಳುವುದು. ಮುಖ್ಯ ಪಾಲುದಾರ ಸೋನಿ ಇಮೇಜ್‌ವರ್ಕ್ಸ್. ಅದು 2014ರಲ್ಲೇ ಲಾಸ್ ಏಂಜಲೀಸ್ ಬಿಟ್ಟು ಕೆನಡಾದ ವ್ಯಾಂಕೂವರ್‌ಗೆ ಮುಖ್ಯ ಕಚೇರಿ ಸಾಗಿಸಿತ್ತು. 2023ರ ಅದೇ ಅಕ್ಟೋಬರ್‌ನಲ್ಲಿ ಡ್ರೀಮ್‌ವರ್ಕ್ಸ್‌ನ ಸುಮಾರು 70 ಜನರನ್ನು ಮನೆಗೆ ಕಳಿಸಲಾಯಿತು.

ಗ್ಲೆಂಡೇಲ್ ಒಳಗೇ ಪೂರ್ತಿ ತಯಾರಾದ ಕೊನೆಯ ಚಿತ್ರ ಎಂದು ವರದಿಯಾದದ್ದು 2024ರ 'ದ ವೈಲ್ಡ್ ರೋಬಾಟ್', ನಿರ್ದೇಶಕ ಕ್ರಿಸ್ ಸ್ಯಾಂಡರ್ಸ್. ದ್ವೀಪವೊಂದಕ್ಕೆ ಬಂದು ಬೀಳುವ ರಾಜ್ ಎಂಬ ಯಂತ್ರ ಒಂದು ಹೆಬ್ಬಾತಿನ ಮರಿಯನ್ನು ಸಾಕುತ್ತದೆ. ಚಿತ್ರದ ಶುರುವಿನಲ್ಲಿ ರಾಜ್ ಮೈ ಕಾರ್ಖಾನೆಯಿಂದ ಈಗ ತಾನೇ ಬಂದ ಮಿಕ್ಸಿಯಂತೆ ನುಣುಪು, ಅಂಚು ಗೀಚಿದಂತೆ ಖಚಿತ. ಸುತ್ತಲಿನ ಕಾಡು ಮಾತ್ರ ಕುಂಚದ ಎಳೆಗಳಿಂದ ಆದದ್ದು. ಎಲೆಗೆ ಅಂಚಿಲ್ಲ, ಮರಕ್ಕೆ ಗೆರೆಯಿಲ್ಲ. ಕಥೆ ಸಾಗಿದಂತೆ ಯಂತ್ರದ ಮೈಮೇಲೆ ಗೀರು, ಪಾಚಿ, ಕೊಳೆ ಕೂರುತ್ತದೆ, ಜೊತೆಗೆ ಅದರ ಮೇಲ್ಮೈ ಕೂಡ ಕುಂಚದ ಬಣ್ಣಕ್ಕೆ ತಿರುಗುತ್ತದೆ. ಪಾತ್ರ ಕಾಡಿನ ಸೊಸೆಯಾದುದನ್ನು ಮಾತಿಲ್ಲದೆ ಬಣ್ಣವೇ ಹೇಳುತ್ತದೆ. ಬಜೆಟ್ 7.8 ಕೋಟಿ ಡಾಲರ್, ಗಳಿಕೆ 33 ಕೋಟಿ, ಮೂರು ಆಸ್ಕರ್ ನಾಮನಿರ್ದೇಶನ.

ಆಸಕ್ತಿಯ ವಿಷಯ ಈ 7.8 ಕೋಟಿ. ಹಳೆಯ 14.5 ಕೋಟಿಯ ಹತ್ತಿರಹತ್ತಿರ ಅರ್ಧ. ಅಂದರೆ ಮನೆಯಲ್ಲೇ ಅಡುಗೆ ಮಾಡಿಯೂ ಖರ್ಚು ಇಳಿಸಲು ಸಾಧ್ಯವಿತ್ತು. ಹಾಗಾದರೆ ಹೊರಗೆ ಯಾಕೆ? ಸ್ಟುಡಿಯೊ ನಡೆಸುವವರಿಗೆ ಕಾಡುವುದು ಒಂದು ಚಿತ್ರದ ಖರ್ಚಲ್ಲ, ಎರಡು ಚಿತ್ರಗಳ ನಡುವಿನ ಸಂಬಳ. ಕೆಲಸ ಇಲ್ಲದ ತಿಂಗಳಲ್ಲೂ ನೂರಾರು ಕಲಾವಿದರನ್ನು ಇಟ್ಟುಕೊಳ್ಳಬೇಕು. ಹೊರಗಿನ ಸ್ಟುಡಿಯೊಗೆ ಕೊಟ್ಟರೆ ಆ ಹೊರೆ ಅವರ ತಲೆಗೆ.

ಹೊರಗೆ ಕೊಟ್ಟರೆ ಗುಣ ಕೆಡುತ್ತದೆ ಎಂಬ ವಾದವನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. 2018ರಲ್ಲಿ ಅನಿಮೇಷನ್ ಚಿತ್ರಗಳ ರೂಪವನ್ನೇ ಬದಲಿಸಿದ ಸ್ಪೈಡರ್‌ಮ್ಯಾನ್ ಚಿತ್ರ ತಯಾರಾದದ್ದು ಇದೇ ಇಮೇಜ್‌ವರ್ಕ್ಸ್‌ನಲ್ಲಿ. ಊರು ಮುಖ್ಯವಲ್ಲ, ಕೊಟ್ಟ ಕಾಲಾವಕಾಶ ಮುಖ್ಯ. ಗುತ್ತಿಗೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಎಲೆಗೆ ಇಷ್ಟು

ಡಾಗ್ ಮ್ಯಾನ್ ಗೆದ್ದು ಜೆಲ್ಲಿಫಿಶ್ ಹೇಗೆ ಸೋತಿತು ಎಂಬ ಒಗಟು ಬಿಡಿಸಲು ಮದುವೆ ಮನೆಯ ಅಡುಗೆ ಕಂಟ್ರಾಕ್ಟ್ ನೆನೆದರೆ ಸಾಕು. ಎಲೆಗೆ ಇಷ್ಟು ಎಂದು ಮಾತಾಗಿರುತ್ತದೆ. ಹಿಂದಿನ ದಿನ ಬೀಗರ ಕಡೆಯವರು ಬಂದು ಹೋಳಿಗೆ ಬೇಡ, ಚಿರೋಟಿ ಮಾಡಿ ಎಂದರೆ ರೇಟು ಬದಲಾಗುವುದಿಲ್ಲ, ಬೆವರು ಹೆಚ್ಚುತ್ತದೆ. ಮದುವೆ ಅದ್ಧೂರಿಯಾಗಿ ನಡೆದು ಮುಯ್ಯಿ ರಾಶಿ ಬಿದ್ದರೂ ಅದರಲ್ಲಿ ಅಡುಗೆಯವರಿಗೆ ಪಾಲಿಲ್ಲ. ಅದಕ್ಕಿಂತ ಕೆಟ್ಟದ್ದು: ಮುಂದಿನ ಮದುವೆ ಮುಂದಕ್ಕೆ ಹೋದರೆ, ಕರೆಸಿಟ್ಟ ಆಳುಗಳ ಕೂಲಿ ಕೈಯಿಂದ ಹೋಗುತ್ತದೆ.

ಅನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಗುತ್ತಿಗೆ ಬಹುಪಾಲು ಹೀಗೇ. ಶಾಟುಗಳನ್ನು ಎಣಿಸಿ ಮೊತ್ತ ನಿಗದಿ ಮಾಡುತ್ತಾರೆ. ನಿರ್ದೇಶಕ ಎಷ್ಟು ಸಲ ಮನಸ್ಸು ಬದಲಿಸುತ್ತಾನೆ ಎಂದು ಯಾರೂ ಎಣಿಸುವುದಿಲ್ಲ. ಗಲ್ಲಾಪೆಟ್ಟಿಗೆಯ ಲಾಭದಲ್ಲಿ ಪಾಲಿಲ್ಲ, ಗೊಂಬೆ ಮಾರಾಟದಲ್ಲಿ ಇಲ್ಲ, ಪಾತ್ರದ ಹಕ್ಕಂತೂ ಇಲ್ಲವೇ ಇಲ್ಲ. 2013ರಲ್ಲಿ 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಆಂಡ್ ಹ್ಯೂಸ್, ಅದೇ ಕೆಲಸಕ್ಕೆ ಆಸ್ಕರ್ ಬರುವ ಕೆಲವೇ ದಿನ ಮೊದಲು ದಿವಾಳಿ ಅರ್ಜಿ ಹಾಕಿತ್ತು. ಅದರಿಂದ ಉದ್ಯಮ ಏನೂ ಕಲಿಯಲಿಲ್ಲ.

2023ರಲ್ಲಿ ಹಾಲಿವುಡ್ ಬರಹಗಾರರು ಮೇ 2ರಿಂದ, ನಟರು ಜುಲೈ 14ರಿಂದ ಮುಷ್ಕರ ಹೂಡಿದರು. ಎರಡೂ ಮುಗಿಯುವ ಹೊತ್ತಿಗೆ ನವೆಂಬರ್. ಮುಷ್ಕರ ಅವರದು, ಆದರೆ ಶೂಟಿಂಗ್ ನಿಂತದ್ದರಿಂದ ವರ್ಷದ ನಂತರ ಬರಬೇಕಿದ್ದ ಎಫೆಕ್ಟ್ಸ್ ಕೆಲಸ ಲಂಡನ್ನಿಗೂ ಬಂದಿಲ್ಲ, ಬೆಂಗಳೂರಿಗೂ ಬಂದಿಲ್ಲ. ಆಗಲೇ ಸಾಲದ ಭಾರದಲ್ಲಿದ್ದ ಟೆಕ್ನಿಕಲರ್‌ಗೆ ಅದನ್ನು ತಡೆಯಲಾಗಲಿಲ್ಲ. ಒಂದೇ ತಾಯಿ ಕಂಪನಿಯ ಕೆಳಗೆ ಹಲವು ದೇಶಗಳ ಸ್ಟುಡಿಯೊಗಳಿದ್ದವು. ಪ್ಯಾರಿಸ್ಸಿನ ಮುಖ್ಯ ಕಚೇರಿಯಲ್ಲಿ ಹಣ ಮುಗಿದಾಗ ಬೆಂಗಳೂರಿನ ಸಂಬಳವೂ ನಿಂತಿತು.

ಯಾರು ಏನು ಕೇಳುತ್ತಿದ್ದಾರೆ

ಟ್ರಂಪ್ ವಾದ ಸರಳ: ಬೇರೆ ದೇಶಗಳು ರಿಯಾಯಿತಿ ಆಮಿಷ ಒಡ್ಡಿ ಹಾಲಿವುಡ್ ಕೆಲಸ ಕದಿಯುತ್ತಿವೆ, ಇದು ರಾಷ್ಟ್ರೀಯ ಭದ್ರತೆಗೂ ಅಪಾಯ. ಇದರ ಮೊದಲರ್ಧದಲ್ಲಿ ಸತ್ಯಾಂಶವಿದೆ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಅನಿಮೇಷನ್ ಮತ್ತು ಎಫೆಕ್ಟ್ಸ್ ಕೆಲಸಗಾರರ ಸಂಬಳದ ಮೇಲೆ ಶೇ 16ರಷ್ಟು ತೆರಿಗೆ ರಿಯಾಯಿತಿ ಕೊಡುತ್ತದೆ. ಪ್ರಾಂತ್ಯದ ಮೂಲ ರಿಯಾಯಿತಿ, ಕೆನಡಾ ಕೇಂದ್ರ ಸರ್ಕಾರದ ಇನ್ನೊಂದು ಶೇ 16 ಇದಕ್ಕೆ ಸೇರುತ್ತವೆ. ಇಷ್ಟು ಹಣ ಸರ್ಕಾರವೇ ತುಂಬಿಕೊಡುವಾಗ ಗ್ಲೆಂಡೇಲ್‌ನ ಕಲಾವಿದೆ ಎಷ್ಟೇ ಜಾಣೆಯಾದರೂ ಲೆಕ್ಕದಲ್ಲಿ ಸೋಲುತ್ತಾಳೆ.

ದೊಡ್ಡ ಸ್ಟುಡಿಯೊಗಳ ಒಕ್ಕೂಟದ ಉತ್ತರ ಬೇರೆ. ಅಮೆರಿಕದ ಸಿನಿಮಾ ರಫ್ತು 2023ರಲ್ಲಿ 2,260 ಕೋಟಿ ಡಾಲರ್, ಆಮದು ಕಳೆದು ಉಳಿದ ಹೆಚ್ಚುವರಿಯೇ 1,530 ಕೋಟಿ ಎಂಬುದು ಅದರ ಲೆಕ್ಕ. ಗೆಲ್ಲುತ್ತಿರುವ ಆಟದಲ್ಲಿ ನಾವೇ ಕಲ್ಲು ಹಾಕಿಕೊಳ್ಳುವುದೇಕೆ? ಇನ್ನೊಂದು ದೇಶ ತಿರುಗಿ ಸುಂಕ ಹಾಕಿದರೆ ಹೆಚ್ಚು ಕಳೆದುಕೊಳ್ಳುವುದು ಹಾಲಿವುಡ್ಡೇ.

ಹಾಲಿವುಡ್ ಅನಿಮೇಷನ್ ಕಾರ್ಮಿಕರ ಸಂಘವಾದ ಬರ್ಬ್ಯಾಂಕ್‌ನ ಅನಿಮೇಷನ್ ಗಿಲ್ಡ್ ಎರಡರ ನಡುವೆ ನಿಂತಿದೆ. ಅದರ ಸದಸ್ಯರಿಗೆ ಕೆಲಸ ಹೊರಹೋಗುವುದು ನಿಲ್ಲಬೇಕು. ಆದರೆ ಸುಂಕದಿಂದ ಚಿತ್ರಗಳೇ ಕಡಿಮೆಯಾದರೆ ಇದ್ದದ್ದೂ ಹೋಯಿತು. 2024ರ ಒಪ್ಪಂದದ ಮಾತುಕತೆಯಲ್ಲಿ ಹೊರಗುತ್ತಿಗೆ ಮತ್ತು ಕೃತಕ ಬುದ್ಧಿಮತ್ತೆ ಎರಡೂ ಮುಖ್ಯ ವಿಷಯವಾಗಿದ್ದವು. ಡಿಸೆಂಬರ್‌ನಲ್ಲಿ ಸದಸ್ಯರು ಒಪ್ಪಿ ಮತ ಹಾಕಿದರು, ಆದರೆ ಸುಮಾರು ನಾಲ್ಕರಲ್ಲೊಬ್ಬರು ಬೇಡ ಎಂದರು.

ಕಾಟ್ಜನ್‌ಬರ್ಗ್ ಈಗ ಸ್ಟುಡಿಯೊದಲ್ಲಿಲ್ಲ. 2023ರ ನವೆಂಬರ್‌ನಲ್ಲಿ ಸಭೆಯೊಂದರಲ್ಲಿ ಅವರು ಹೇಳಿದ ಮಾತು ಮಾತ್ರ ಎಲ್ಲರನ್ನೂ ಕುಟುಕಿತು: ತಮ್ಮ ಕಾಲದಲ್ಲಿ ಒಂದು ಒಳ್ಳೆಯ ಅನಿಮೇಷನ್ ಚಿತ್ರಕ್ಕೆ 500 ಕಲಾವಿದರು ಐದು ವರ್ಷ ದುಡಿಯಬೇಕಿತ್ತು, ಇನ್ನು ಮೂರು ವರ್ಷದಲ್ಲಿ ಅದರ ಹತ್ತನೇ ಒಂದು ಪಾಲೂ ಬೇಕಾಗದು. ಅವರ ಗಡುವು ಅತಿ ಎನಿಸುತ್ತದೆ. ಆದರೆ ಆ ಮಾತನ್ನು ನಂಬಿದ ಹಣಕಾಸು ಅಧಿಕಾರಿಯೊಬ್ಬ ಇದ್ದರೆ ಸಾಕು, ಹೊಸಬರ ನೇಮಕಾತಿ ನಿಲ್ಲುತ್ತದೆ. ತಂತ್ರಜ್ಞಾನ ನಿಜಕ್ಕೂ ಬರುವವರೆಗೆ ಕಾಯಬೇಕಿಲ್ಲ.

ಸುಂಕ ಬಿದ್ದರೆ ಏನಾಗುತ್ತದೆ

ಮೊದಲಿಗೆ, ಬೀಳುವುದೇ ಕಷ್ಟ. ತುರ್ತು ಆರ್ಥಿಕ ಅಧಿಕಾರದ ಕಾಯಿದೆಯಿಂದ ಸಿನಿಮಾ, ಪುಸ್ತಕದಂಥ ಮಾಹಿತಿ ಸಾಮಗ್ರಿಯನ್ನು ಹೊರಗಿಡಬೇಕು ಎಂದು 1988ರಲ್ಲಿ ಅಮೆರಿಕದ ಸಂಸತ್ತೇ ತಿದ್ದುಪಡಿ ತಂದಿದೆ. ಎರಡನೆಯದು, ಚಿತ್ರ ಹಡಗಿನಲ್ಲಿ ಬರುವುದಿಲ್ಲ. ಬಂದರಿನಲ್ಲಿ ತೆರೆದು ತೂಗುವ ಪೆಟ್ಟಿಗೆ ಇಲ್ಲ. ಶಾಟುಗಳು ತುಂಡುತುಂಡಾಗಿ ಎರಡು ಮೂರು ವರ್ಷ ಕೇಬಲ್ಲಿನಲ್ಲಿ ಹರಿದು ಬರುತ್ತವೆ, ವಾಪಸ್ ಹೋಗುತ್ತವೆ, ಮತ್ತೆ ಬರುತ್ತವೆ.

ಹಾಗೂ ಬಂತು ಎಂದಿಟ್ಟುಕೊಂಡರೆ ಅಳತೆಗೋಲು ಬೇಕು. ಖರ್ಚಾದ ಹಣವನ್ನು ಅಳೆದರೆ, ಧ್ವನಿ ಕೊಟ್ಟ ತಾರೆಯರ ಸಂಭಾವನೆಯೂ ಸೇರುವುದರಿಂದ ಹಲವು ಚಿತ್ರಗಳು ಅಮೆರಿಕನ್ ಆಗಿಬಿಡಬಹುದು. ದುಡಿದ ಗಂಟೆಗಳನ್ನು ಅಳೆದರೆ ಮಿನಿಯನ್‌ಗಳು ಫ್ರೆಂಚರು, ಡಾಗ್ ಮ್ಯಾನ್ ಬ್ರಿಟಿಷ್. ಮೊದಲ ಅಳತೆಯಲ್ಲಿ ಸುಂಕಕ್ಕೆ ಅರ್ಥವಿಲ್ಲ, ಎರಡನೆಯದರಲ್ಲಿ ಅಮೆರಿಕದ ಅತಿ ಲಾಭದ ಚಿತ್ರಗಳಿಗೇ ಮೊದಲ ಪೆಟ್ಟು. ನನ್ನ ಅಂದಾಜಿನಲ್ಲಿ ಸುಂಕಕ್ಕಿಂತ ರಿಯಾಯಿತಿಯ ಪೈಪೋಟಿಯೇ ಗಟ್ಟಿಯಾಗಿ ಉಳಿಯುತ್ತದೆ. ಕ್ಯಾಲಿಫೋರ್ನಿಯಾ 75 ಕೋಟಿ ಇಟ್ಟಿತು ಎಂದು ವ್ಯಾಂಕೂವರ್ ಸುಮ್ಮನೆ ಕೂರುವುದಿಲ್ಲ. ಪ್ರತಿ ಏರಿಕೆಗೂ ಒಂದಿಷ್ಟು ಕೆಲಸ ಗಡಿ ದಾಟುತ್ತದೆ, ಅದರ ಹಿಂದೆ ಕಲಾವಿದರ ಸಂಸಾರಗಳು ವೀಸಾ ಹಿಡಿದು ಹೋಗುತ್ತವೆ.

ಬೆಂಗಳೂರಿನ ಪಾಲು

ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ದೇಶದಲ್ಲಿ ಮೊದಲು ಪ್ರತ್ಯೇಕ ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ನಡೆಯುತ್ತಿರುವುದು 2024–29ರ ಮೂರನೆಯ ನೀತಿ. ತರಬೇತಿ, ಹೂಡಿಕೆ, ಉದ್ಯೋಗದ ಮಾತು ಅದರಲ್ಲಿದೆ. ಆದರೆ ಟೆಕ್ನಿಕಲರ್ ಕುಸಿತ ತೋರಿಸಿದ ಬಿರುಕು ತರಬೇತಿಯದಲ್ಲ. ಬೆಂಗಳೂರಿನ ಕಲಾವಿದರಿಗೆ ಕೈಚಳಕ ಇತ್ತು. 'ದ ಜಂಗಲ್ ಬುಕ್'ನ ಮೃಗಗಳ ಮೇಲೆ ಇದೇ ಗುಂಪಿನ ಎಂಪಿಸಿ ಸ್ಟುಡಿಯೊದ ಬೆಂಗಳೂರು ತಂಡ ದುಡಿದಿತ್ತು. ಇಲ್ಲದ್ದು ಎರಡು: ಪಾತ್ರಗಳ ಒಡೆತನ, ಮತ್ತು ಸಂಬಳ ಕೊಡುವ ಯಜಮಾನ ಎದುರಿಗೆ ಇರುವುದು.

ಗ್ಲೆಂಡೇಲ್‌ನಲ್ಲಿ ಕೆಲಸ ಹೋದವರಿಗೆ ಗಿಲ್ಡ್ ಇದೆ, ಒಪ್ಪಂದ ಇದೆ, ಪರಿಹಾರದ ಲೆಕ್ಕವಿದೆ. ಬೆಂಗಳೂರಿನಲ್ಲಿ ಈ ಕೆಲಸಗಾರರನ್ನು ಐಟಿಯವರು ಎನ್ನಬೇಕೋ ಸಿನಿಮಾದವರು ಎನ್ನಬೇಕೋ ಎಂಬುದೇ ಸಾರ್ವಜನಿಕ ಮಾತಿನಲ್ಲಿ ಇತ್ಯರ್ಥವಾಗಿಲ್ಲ. ಕೆಲಸ ಗ್ಲೆಂಡೇಲ್‌ನಿಂದ ಹೊರಟಾಗಲೆಲ್ಲ ಇಲ್ಲಿ ಅವಕಾಶ ಎಂದು ಸುದ್ದಿಯಾಗುತ್ತದೆ. ಆ ಅವಕಾಶದ ಜೊತೆ ಎರಡು ಚಿತ್ರಗಳ ನಡುವಿನ ಖಾಲಿ ತಿಂಗಳುಗಳೂ ಇಲ್ಲಿಗೇ ಬರುತ್ತವೆ ಎಂಬುದು ಅದೇ ಸುದ್ದಿಯ ಇನ್ನೊಂದು ಮಗ್ಗುಲು. ಸ್ಟುಡಿಯೊ ಹೊರಗೆ ಕಳಿಸಿದ್ದು ಕೆಲಸವನ್ನಷ್ಟೇ ಅಲ್ಲ, ನಷ್ಟದ ಭಯವನ್ನೂ.

ಶ್ರೆಕ್‌ನ ಐದನೆಯ ಚಿತ್ರಕ್ಕೆ ಡ್ರೀಮ್‌ವರ್ಕ್ಸ್ ಗೊತ್ತುಮಾಡಿರುವ ದಿನ 2027ರ ಜೂನ್ 30. ಅನಿಮೇಷನ್ ಗಿಲ್ಡ್‌ನ ಈಗಿನ ಒಪ್ಪಂದ ಮುಗಿಯುವುದು ಅದೇ ವರ್ಷದ ಜುಲೈ 31ಕ್ಕೆ. ಜೌಗು ನೆಲದ ಒರಟ ತೆರೆಯ ಮೇಲೆ ಹಣ ಎಣಿಸುತ್ತಿರುವ ವಾರಗಳಲ್ಲೇ, ಮುಂದಿನ ಚಿತ್ರವನ್ನು ಯಾವ ಊರಿನಲ್ಲಿ ಯಾರು ಬಿಡಿಸಬೇಕು ಎಂಬ ಚೌಕಾಸಿ ಬರ್ಬ್ಯಾಂಕ್‌ನ ಮೇಜಿನ ಮೇಲೆ ನಡೆದಿರುತ್ತದೆ.